ಕಡೆಯ ಸನ್ಯಾಸಿನಿ

ಗೋವೆಗೆ ಹೋಗಿ ಬಂದ ಕಥೆಯನ್ನು ಈ ಸಲ ಬರೆಯುತ್ತೇವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಸಮುದ್ರತೀರದ ವರ್ಣನೆಯನ್ನು ನಿರೀಕ್ಷಿಸಿದ್ದವರು ಕ್ಷಮಿಸಬೇಕು. ನಮ್ಮ ಚಿರಂಜೀವಿಗೆ ಸಮುದ್ರ ಬೇಡವಾಗಿತ್ತು, ದೆವ್ವದ ಮನೆ ಬೇಕಾಗಿತ್ತು. ಟ್ಯಾಕ್ಸಿಯವನು, "ಹಳೇ ಗೋವೆಯಲ್ಲಿ ಒಂದು ಕಾನ್ವೆಂಟ್ ಇದೆ, ಕತ್ತಲಾದ ಮೇಲೆ ನಾನಂತೂ ಅತ್ತ ಹೋಗುವುದಿಲ್ಲ" ಎಂದು ಬಾಯಿ ಬಿಟ್ಟದ್ದೇ ತಡ, ಹುಡುಗ ಹಿಡಿದ ಹಟ ಬಿಡಲಿಲ್ಲ.

ಕಾನ್ವೆಂಟ್ ಎಂದೊಡನೆ ನಮ್ಮವರಿಗೆ ಇಂಗ್ಲಿಷ್ ಶಾಲೆ, ಅದರ ಫೀಜು ನೆನಪಾಗುತ್ತವೆ. ಇದು ನಿಜವಾದ ಕಾನ್ವೆಂಟ್, ಅಂದರೆ ಸನ್ಯಾಸಿನಿಯರ ಮಠ. ಹೆಸರು ಸಾಂತಾ ಮೋನಿಕಾ. ಬಿಜಾಪುರದವರ ಕೈಯಿಂದ 1510ರಲ್ಲಿ ಗೋವೆಯನ್ನು ಕಸಿದುಕೊಂಡ ಪೋರ್ತುಗೀಜರು 1606ರಲ್ಲಿ ಇದಕ್ಕೆ ಅಡಿಗಲ್ಲಿಟ್ಟರು. ಕಟ್ಟಿ ಮುಗಿದದ್ದು 1627ರಲ್ಲಿ. ಮೂರು ಅಂತಸ್ತಿನ ಜಂಬಿಟ್ಟಿಗೆ ಕಟ್ಟಡ. ಗೋಡೆಗೆ ಆತುಕೊಟ್ಟ ಕಂಬಗಳನ್ನು ನೋಡಿದರೆ ಕೋಟೆಯೋ ಮಠವೋ ಎಂದು ಅನುಮಾನ ಬರಬೇಕು.

ಅದ್ಭುತಗಳಿಗೇನೂ ಇಲ್ಲಿ ಕೊರತೆಯಿಲ್ಲ. 1636ರಲ್ಲಿ ಇಲ್ಲಿಯ ಶಿಲುಬೆಯ ಮೇಲಿನ ಕ್ರಿಸ್ತನ ವಿಗ್ರಹ ಕಣ್ಣು ತೆರೆಯಿತು, ಮುಳ್ಳಿನ ಕಿರೀಟದ ಕೆಳಗಿನಿಂದ ರಕ್ತ ಒಸರಿತು ಎಂದು ಭಕ್ತರ ನಂಬಿಕೆ. ಇನ್ನೊಂದು ಕಥೆ ಇಂಗ್ಲಿಷರ ರಿಚರ್ಡ್ ಬರ್ಟನ್ ತನ್ನ 1851ರ ಪುಸ್ತಕದಲ್ಲಿ ಬರೆದದ್ದು. ಒಬ್ಬ ಸೈನ್ಯಾಧಿಕಾರಿ ಇಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ತರುಣ ಸನ್ಯಾಸಿನಿಗೆ ಮನಸೋತು, ರಾತ್ರಿ ಒಳಗೆ ನುಗ್ಗಿ ಕತ್ತಲಲ್ಲಿ ಹೊತ್ತು ತಂದನಂತೆ. ಹೊರಗೆ ಬಂದು ನೋಡಿದರೆ ಹೊತ್ತು ತಂದದ್ದು ಮಠದ ಉಪಮುಖ್ಯಸ್ಥೆಯನ್ನು! ನಮ್ಮ ಮನೆಯವರು ಇದನ್ನು ಕೇಳಿ ನಕ್ಕದ್ದೇ ನಕ್ಕದ್ದು. ಗೋವೆಯ ಬೆಬಿಂಕ ಎಂಬ ಪದರು ಪದರಾದ ಸಿಹಿತಿಂಡಿಯನ್ನು ಮೊದಲು ಮಾಡಿದ್ದೂ ಇದೇ ಮಠದ ಬೆಬಿಯಾನಾ ಎಂಬವಳು ಎಂಬ ಮಾತಿದೆ.

ಆದರೆ ನಮ್ಮ ಮನಸ್ಸಿಗೆ ಹತ್ತಿದ್ದು ಇವೊಂದೂ ಅಲ್ಲ, ಒಂದು ಸರಕಾರಿ ಆಜ್ಞೆ. 1834ರಲ್ಲಿ ಪೋರ್ತುಗಲ್ ಸರಕಾರ ಮಠಗಳನ್ನು ರದ್ದು ಮಾಡಿತು. ಗಂಡಸರ ಮಠಗಳು ಕೂಡಲೇ ಬರಿದಾದವು. ಎದುರಿಗಿದ್ದ ಆಗಸ್ಟಿನ್ ಮಠದ ಇಗರ್ಜಿಯ ಕಮಾನು 1842ರಲ್ಲಿ ಕುಸಿದು, ಈಗ ಮುರುಕು ಗೋಪುರವೊಂದು ನಿಂತಿದೆ. ಹೆಂಗಸರನ್ನು ಮಾತ್ರ ಹೊರಹಾಕಲಿಲ್ಲ. ಇದ್ದವರು ಇರಲಿ, ಹೊಸಬರನ್ನು ಸೇರಿಸಕೂಡದು ಎಂದಾಯಿತು. ಕಡೆಯ ಸನ್ಯಾಸಿನಿ ತೀರಿಕೊಂಡದ್ದು 1885ರಲ್ಲಿ.

ಐವತ್ತು ವರ್ಷ! ಗುಮಾಸ್ತರಾದ ನಮಗೆ ಈ ಆಜ್ಞೆಯ ಭಾಷೆ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕಚೇರಿಯ ಒಂದು ಶಾಖೆಗೂ ಇಂಥದೇ ಕಾಗದ ಬಂದಿದೆ. ತೆರವಾದ ಜಾಗ ತುಂಬಕೂಡದು. ಹನ್ನೊಂದು ಮೇಜುಗಳಿದ್ದಲ್ಲಿ ಈಗ ಕೂಡುವವರು ಇಬ್ಬರು. ಅವರಲ್ಲಿ ಹಿರಿಯರೊಬ್ಬರು ದಿನವೂ ಬೆಳಿಗ್ಗೆ ಬಂದು ಹನ್ನೊಂದು ಮೇಜುಗಳ ಧೂಳನ್ನೂ ತಾವೇ ಒರೆಸುತ್ತಾರೆ. ಸಿಪಾಯಿಗೆ ಬಿಡುವುದಿಲ್ಲ. ಇಷ್ಟು ದಿನ ಇದನ್ನು ನೋಡಿ ನಾವೂ ಉಳಿದವರೊಡನೆ ನಗುತ್ತಿದ್ದೆವು.

ಅಂದಹಾಗೆ, ಟ್ಯಾಕ್ಸಿಯವನ ದೆವ್ವಕ್ಕೆ ಇಲ್ಲಿ ಇರಲು ಜಾಗವಿದ್ದಂತೆ ಕಾಣಲಿಲ್ಲ. 1964ರಲ್ಲಿ ಸನ್ಯಾಸಿನಿಯರ ಶಿಕ್ಷಣಕ್ಕಾಗಿ ಇಲ್ಲಿ ಮಾತೆರ್ ದೇಯಿ ಸಂಸ್ಥೆ ತೆರೆಯಿತು. ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವೂ 2002ರಲ್ಲಿ ಇಲ್ಲಿಗೆ ಬಂತು. ಹುಡುಗನಿಗೆ ಭಾರಿ ನಿರಾಶೆ.

ಸಂಜೆ ಪಣಜಿಯಲ್ಲಿ ಬೆಬಿಂಕ ತಿನ್ನುತ್ತ, ಪದರು ಬಿಡಿಸುತ್ತ, ಅವನು ಕೇಳಿದ:

"ಅಪ್ಪಾ, ಕಡೆಗೆ ಒಬ್ಬರೇ ಉಳಿದರಲ್ಲ, ಊಟದ ಗಂಟೆ ಯಾರಿಗೆ ಬಾರಿಸುತ್ತಿದ್ದರು?"

ನಾವು ನಮ್ಮ ಮನೆಯವರ ಮುಖ ನೋಡಿದೆವು. ಅವರು ತಮ್ಮ ತಟ್ಟೆಯ ತುಂಡನ್ನು ಅವನ ತಟ್ಟೆಗೆ ಹಾಕಿ, "ತಿನ್ನು" ಎಂದರು. ದೆವ್ವ ಬೇಕೆಂದವನು ಆ ರಾತ್ರಿ ದೀಪ ಆರಿಸಗೊಡಲಿಲ್ಲ.