ಮನೆಗಾಡಿಯಲ್ಲಿ ಬಾಲ್ಟಿಕ್ ಕರಾವಳಿ

ಗೃಹಸ್ಥನು ಪ್ರವಾಸಕ್ಕೆ ಹೊರಟನೆಂದರೆ ಮನೆಗೆ ಬೀಗ ಹಾಕಿ ಹೊರಡುವುದು ಲೋಕರೂಢಿ. ಮನೆಯನ್ನೇ ಜೊತೆಗೆ ಕರೆದುಕೊಂಡು ಹೊರಡುವ ಪದ್ಧತಿಯು ಯೂರೋಪು ಖಂಡದಲ್ಲಿ ಈಗ ಬಹಳ ಬಳಕೆಯಲ್ಲಿದೆ. ಅವರು ಕ್ಯಾಂಪರ್‌ವ್ಯಾನ್ ಎಂದು ಕರೆಯುವ ಮೋಟಾರು ಗಾಡಿಯೊಳಗೆ ಮಂಚವುಂಟು, ಅನಿಲದ ಒಲೆಯುಂಟು, ನೀರಿನ ತೊಟ್ಟಿಯುಂಟು, ಪಾತ್ರೆ ಪದಾರ್ಥಗಳಿಗೆ ಗೂಡುಗಳುಂಟು. ಬಸವನಹುಳುವಿನಂತೆ ಮನೆಯನ್ನು ಹೊತ್ತು ಹೋಗಿ, ಅನುಮತಿಯಿರುವೆಡೆಯಲ್ಲಿ ನಿಂತು, ಅನ್ನ ಬೇಯಿಸಿ ಉಂಡು ಮಲಗಿ, ಬೆಳಗಾದೊಡನೆ ಮುಂದಕ್ಕೆ ಸಾಗಬಹುದು. ಪರದೇಶದ ಹೋಟೆಲಿನ ಊಟ ಒಗ್ಗದ ಸಸ್ಯಾಹಾರಿಗಳಿಗೆ ಇದಕ್ಕಿಂತ ಅನುಕೂಲವಾದ ಪ್ರವಾಸಕ್ರಮವು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಇಂಥ ಗಾಡಿಗೆ ಹೇಳಿಮಾಡಿಸಿದಂತಿರುವ ದಾರಿಯೊಂದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಬಾಲ್ಟಿಕ್ ಕಡಲಿನ ಪೂರ್ವದ ದಡದಲ್ಲಿ, ದಕ್ಷಿಣದಿಂದ ಉತ್ತರಕ್ಕೆ, ಲಿಥುವೇನಿಯ, ಲಾಟ್ವಿಯ, ಎಸ್ಟೋನಿಯ ಎಂಬ ಮೂರು ಸಣ್ಣ ರಾಜ್ಯಗಳಿವೆ. ಮೂರರಲ್ಲಿಯೂ ಯೂರೋ ನಾಣ್ಯವೇ ನಡೆಯುತ್ತದೆ. ೨೦೦೭ನೆಯ ಇಸವಿಯ ಕೊನೆಯಿಂದ ಇವು ಷೆಂಗೆನ್ ಒಕ್ಕೂಟಕ್ಕೆ ಸೇರಿರುವುದರಿಂದ ಒಂದೇ ವೀಸಾ ಪತ್ರದಿಂದ ಮೂರನ್ನೂ ನೋಡಿ ಬರಬಹುದು. ರಸ್ತೆಯ ಬಲಗಡೆ ಗಾಡಿ ಓಡಿಸಬೇಕು, ಹಗಲಿನಲ್ಲಿಯೂ ದೀಪ ಹಚ್ಚಿಕೊಂಡಿರಬೇಕು. ಈ ಎರಡನ್ನು ಹೊಸಬರು ಮರೆಯಲಾಗದು.

ಈ ಕಡಲಿನ ಸ್ವಭಾವವೇ ಬೇರೆ. ಮಹಾಸಾಗರದ ಒಂದು ಲೀಟರು ನೀರಿನಲ್ಲಿ ೩೫ ಗ್ರಾಮಿನಷ್ಟು ಉಪ್ಪಿದ್ದರೆ ಇಲ್ಲಿ ಮೇಲ್ನೀರಿನಲ್ಲಿರುವುದು ಸುಮಾರು ೭ ಗ್ರಾಮು ಮಾತ್ರ. ಸುತ್ತಣ ನೂರಾರು ನದಿಗಳು ಬಂದು ಸೇರುವುವು. ಹೊರಗಿನ ಸಾಗರಕ್ಕೆ ಇರುವ ಬಾಗಿಲೋ ಬಹು ಕಿರಿದು. ಆದುದರಿಂದಲೇ ಇಲ್ಲಿ ಉಬ್ಬರವಿಳಿತವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಗಾಳಿಯನ್ನು ಮಾತ್ರ ನಂಬಲಾಗದು. ೨೦೦೫ರ ಜನವರಿ ತಿಂಗಳಲ್ಲಿ ಪಶ್ಚಿಮದ ಬಿರುಗಾಳಿಯು ನೀರನ್ನು ತಳ್ಳಿಕೊಂಡು ಬಂದು, ಎಸ್ಟೋನಿಯದ ಪ್ಯಾರ್ನು ಪಟ್ಟಣದಲ್ಲಿ ಕಡಲು ಎರಡು ಮುಕ್ಕಾಲು ಮೀಟರು ಏರಿತು.

ನಾವು ಈ ದಾರಿಯನ್ನು ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವುಂಟು. ಇಂದು ಪರದೇಶದವನೂ ಗಾಡಿ ನಿಲ್ಲಿಸಿ, ಕಾಫಿಯ ಬಟ್ಟಲು ಹಿಡಿದು ಸೂರ್ಯಾಸ್ತವನ್ನು ನೋಡುವ ಈ ದಡದ ಬಹುಭಾಗವು, ಅಲ್ಲಿಯೇ ಹುಟ್ಟಿ ಬೆಳೆದವರಿಗೂ ಅರ್ಧ ಶತಮಾನದ ಕಾಲ ಕಾವಲಿನ ನೆಲವಾಗಿದ್ದಿತು. ಎದುರು ದಡದಲ್ಲಿರುವುದು ಸ್ವೀಡನ್ ದೇಶ. ಸೋವಿಯತ್ ಆಡಳಿತದಲ್ಲಿ ಈ ತೀರವೇ ಪಶ್ಚಿಮದ ಗಡಿಯಾಯಿತು. ಮರಳಿನ ಮೇಲೆ ಕುಂಟೆ ಹೊಡೆದು ಹೆಜ್ಜೆಯ ಗುರುತು ಮೂಡಿದೆಯೇ ಎಂದು ಕಾವಲುಗಾರರು ನೋಡುತ್ತಿದ್ದರು. ರಾತ್ರಿಯ ಹೊತ್ತು ದೀಪದ ಕಂಬಗಳು ನೀರಿನ ಮೇಲೆ ಬೆಳಕು ಬೀರುತ್ತಿದ್ದುವು. ಇದನ್ನು ತಿಳಿಯದೆ ಹೋದವನಿಗೆ ಈ ತೀರವು ಬರಿಯ ಮರಳು ಮತ್ತು ಪೀತದಾರು ಮರ.

ದಾರಿಯನ್ನು ಲಿಥುವೇನಿಯದ ಕ್ಲೈಪೆಡ ರೇವಿನಿಂದ ಆರಂಭಿಸುವುದು ಒಳ್ಳೆಯದು. ಗಾಡಿಯನ್ನು ಹಡಗಿಗೆ ಏರಿಸಿ ಕಿರಿದಾದ ಕಾಲುವೆಯನ್ನು ದಾಟಿದರೆ ಕೂರೋನಿಯನ್ ಮರಳುಪಟ್ಟಿ ಸಿಕ್ಕುವುದು. ೯೮ ಕಿಲೋಮೀಟರು ಉದ್ದದ ಈ ಪಟ್ಟಿಯ ಅಗಲ ಎಲ್ಲಿಯೂ ನಾಲ್ಕು ಕಿಲೋಮೀಟರನ್ನು ಅಷ್ಟಾಗಿ ಮೀರದು. ಕೆಲವೆಡೆ ಅರ್ಧ ಕಿಲೋಮೀಟರೂ ಇಲ್ಲ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸಿಹಿನೀರಿನ ಹಿನ್ನೀರು. ಉತ್ತರಾರ್ಧವು ಲಿಥುವೇನಿಯಕ್ಕೆ ಸೇರಿದುದು, ದಕ್ಷಿಣಾರ್ಧವು ರಷ್ಯಕ್ಕೆ.

ಈ ಪಟ್ಟಿಯ ಕಥೆಯನ್ನು ಒಕ್ಕಲು ಮಾಡುವವರೆಲ್ಲರೂ ಕೇಳತಕ್ಕದ್ದು. ಹಿಂದೆ ಇಲ್ಲಿ ದಟ್ಟವಾದ ಕಾಡಿದ್ದಿತು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಅದನ್ನು ಕಡಿದರು. ಬೇರಿನ ಹಿಡಿತ ತಪ್ಪಿದ ಮರಳು ಗಾಳಿಗೆ ಎದ್ದು ದಿಣ್ಣೆದಿಣ್ಣೆಯಾಗಿ ನಡೆಯತೊಡಗಿತು. ಒಂದೊಂದೇ ಹಳ್ಳಿ ಮರಳಿನಡಿ ಹೂತುಹೋಯಿತು. ಜನರು ಮನೆಗಳನ್ನು ಬಿಟ್ಟು ಮುಂದೆ ಹೋಗಿ ಮತ್ತೆ ಕಟ್ಟಿಕೊಂಡರು, ಮರಳು ಅಲ್ಲಿಗೂ ಬಂದಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಜನರು ಕಡಲ ಬದಿಗೆ ತಡೆದಿಣ್ಣೆ ಕಟ್ಟಿ, ರೆಂಬೆಗಳ ಜಾಲ ಹಾಸಿ, ಅದರ ನಡುವೆ ಬೆಟ್ಟದ ಪೀತದಾರುವಿನ ಸಸಿಗಳನ್ನು ನೆಟ್ಟರು. ನಿದ ಎಂಬ ಊರಿನಲ್ಲಿ ಈ ಕೆಲಸಕ್ಕೆ ಕೈಹಾಕಿದವರಲ್ಲಿ ಅಂಚೆಯ ನಿಲ್ದಾಣವನ್ನು ನೋಡಿಕೊಳ್ಳುತ್ತಿದ್ದ ಕೂವರ್ಟ್ ಎಂಬ ಮನೆತನದವರು ಮುಖ್ಯರು. ಸರಕಾರದ ದೊಡ್ಡ ಯೋಜನೆಗಳ ಪಕ್ಕದಲ್ಲಿ ಅಂಚೆಯ ಮನೆಯವರ ಹೆಸರೂ ಉಳಿದಿರುವುದು ನಮಗೆ ಸಂತೋಷದ ವಿಷಯ. ಇಂದು ಕಾಣುವ ಕಾಡೆಲ್ಲ ಬಹುಮಟ್ಟಿಗೆ ಕೈಯಿಂದ ನೆಟ್ಟುದೇ. ೨೦೦೦ದಲ್ಲಿ ಯುನೆಸ್ಕೋ ಸಂಸ್ಥೆಯವರು ಇದನ್ನು ಲೋಕದ ಆಸ್ತಿಯೆಂದು ಪಟ್ಟಿಯಲ್ಲಿ ಸೇರಿಸಿದರು. ದಿಣ್ಣೆಗಳ ಮೇಲೆ ಹಾಸಿರುವ ಹಲಗೆಯ ದಾರಿಯನ್ನು ಬಿಟ್ಟು ಕಾಲಿಡಬಾರದೆಂಬ ಕಟ್ಟಳೆ ಏಕಿದೆಯೆಂದು ಇದರಿಂದ ತಿಳಿಯುವುದು.

ನಿದದ ಮನೆಗಳ ಮುಂದೆ ಬಣ್ಣ ಬಳಿದ ಮರದ ಗಾಳಿಪತಾಕೆಗಳು ನಿಂತಿವೆ. ೧೮೪೪ರಲ್ಲಿ ಮೀನುಗಾರಿಕೆಯ ಅಧಿಕಾರಿಯೊಬ್ಬನು ಪ್ರತಿ ಊರಿನ ದೋಣಿಗೂ ಆಯಾ ಊರಿನ ಬಣ್ಣದ ಗುರುತಿರಬೇಕೆಂದು ವಿಧಿಸಿದನು. ದೋಣಿಯವರು ಆ ಗುರುತಿಗೆ ಮನೆ, ಮರ, ಹಡಗುಗಳ ಚಿತ್ರಗಳನ್ನು ಕೆತ್ತಿ ಸೇರಿಸಿ ಅದನ್ನೊಂದು ಕಲೆಯಾಗಿ ಮಾಡಿದರು. ಊರಿನ ಎತ್ತರದಲ್ಲಿ ಜರ್ಮನ್ ಕಾದಂಬರಿಕಾರ ಥಾಮಸ್ ಮನ್ ಅವರ ಬೇಸಗೆಯ ಮನೆಯಿದೆ. ೧೯೨೯ರಲ್ಲಿ ನೊಬೆಲ್ ಬಹುಮಾನ ಪಡೆದವರು. ೧೯೩೦ರಿಂದ ೧೯೩೨ರವರೆಗೆ ಇಲ್ಲಿ ಬೇಸಗೆ ಕಳೆದರು. ೧೯೩೩ರಲ್ಲಿ ಹಿಟ್ಲರನ ಕಾಲ ಬಂದಿತು, ದೇಶವನ್ನೇ ಬಿಟ್ಟರು. ಕಟ್ಟಿಸಿದವರಿಗೆ ಮನೆಯ ಋಣ ಮೂರೇ ಬೇಸಗೆ. ಈ ಪಟ್ಟಿಯಲ್ಲಿ ರಾತ್ರಿ ಕಂಡಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ನಿದದ ಬಿಡಾರದ ಮೈದಾನಕ್ಕೇ ಹೋಗಬೇಕು.

ಮತ್ತೆ ಕ್ಲೈಪೆಡಕ್ಕೆ ಮರಳಿ ಉತ್ತರಾಭಿಮುಖವಾಗಿ ಹೊರಟರೆ ಪಲಾಂಗ ಪಟ್ಟಣ. ಅಲ್ಲಿಯ ಅರಮನೆಯೊಂದರಲ್ಲಿ ಕೋಟ್ಯಂತರ ವರ್ಷಗಳ ಹಿಂದಿನ ಮರದಂಟು ಗಟ್ಟಿಯಾಗಿ ಆದ ಅಂಬರಿನ ಸಂಗ್ರಹಾಲಯವಿದೆ. ಮಕ್ಕಳಿರುವವರು ಅರ್ಧ ದಿನ ಕೊಡಬಹುದು. ಲಾಟ್ವಿಯದ ಲಿಯೆಪಾಯ ನಗರದ ಉತ್ತರಕ್ಕೆ ಕರೋಸ್ತ ಎಂಬ ನೌಕಾಪಡೆಯ ಬಡಾವಣೆಯುಂಟು. ೧೯೯೪ರಲ್ಲಿ ರಷ್ಯದ ಸೈನ್ಯವು ಹೊರಟುಹೋಗುವವರೆಗೆ ಅದು ಊರಿನವರಿಗೇ ನಿಷಿದ್ಧವಾಗಿದ್ದಿತು.

ವೆಂಟ್ಸ್‌ಪಿಲ್ಸ್ ರೇವನ್ನು ದಾಟಿದ ಮೇಲೆ ಕೋಲ್ಕ ಭೂಶಿರದವರೆಗೆ ಇರುವುದು ಲಿವೋನಿಯನ್ ತೀರ. ಕಾಡಿನ ನಡುವೆ ಒಂದೊಂದಾಗಿ ಮೀನುಗಾರರ ಹಳ್ಳಿಗಳು ಬರುವುವು. ಊರಿನ ಹೆಸರುಗಳನ್ನು ಹಲಗೆಯ ಮೇಲೆ ಎರಡು ಭಾಷೆಗಳಲ್ಲಿ ಬರೆದಿರುತ್ತಾರೆ: ಒಂದು ಲಾಟ್ವಿಯನ್ನರದು, ಇನ್ನೊಂದು ಲಿವೋನಿಯನ್ನರದು. ಲಿವೋನಿಯನ್ ಭಾಷೆಗೆ ನೆರೆಯ ಲಾಟ್ವಿಯನ್ ನಂಟಲ್ಲ. ಅದು ಎಸ್ಟೋನಿಯನ್ ಮತ್ತು ಫಿನ್ನಿಷ್ ಭಾಷೆಗಳ ದಾಯಾದಿ. ಮಜಿರ್ಬೆ ಹಳ್ಳಿಯಲ್ಲಿ ಬಿಳಿಯ ಗೋಡೆಯ ಸಮಾಜಮಂದಿರವೊಂದಿದೆ. ಬಂಧುಭಾಷೆಯವರಾದ ಫಿನ್ನರು, ಎಸ್ಟೋನಿಯನ್ನರು, ಹಂಗೆರಿಯವರು ಸಹಾಯಮಾಡಿ ಕಟ್ಟಿಸಿದ ಈ ಮಂದಿರವು ೧೯೩೯ನೆಯ ಆಗಸ್ಟ್ ೬ರಂದು ತೆರೆಯಿತು. ತಿಂಗಳು ತುಂಬುವುದರೊಳಗೆ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು.

ಯುದ್ಧ ಮುಗಿದರೂ ಕಡಲು ಮರಳಿ ಸಿಕ್ಕಲಿಲ್ಲ. ಮೀನು ಹಿಡಿದು ಬಾಳಿದವರಿಗೆ ದೋಣಿ ಬಿಡಲು ಅಪ್ಪಣೆಯಿಲ್ಲದೆ ಹೋಯಿತು, ದಡವೇ ಗಡಿಪಟ್ಟಿಯಾಯಿತು. ಮಕ್ಕಳು ಕೆಲಸ ಹುಡುಕಿಕೊಂಡು ಪಟ್ಟಣಗಳಿಗೆ ಹೋದರು, ಮುದುಕರು ಮನೆಗಳಲ್ಲಿ ಉಳಿದರು. ಮಜಿರ್ಬೆಯ ಕಾಡಿನೊಳಗೆ ಹೊಕ್ಕರೆ ಹಳೆಯ ದೋಣಿಗಳು ಪಾಚಿ ಹಿಡಿದು, ಪಕ್ಕೆಲುಬು ತೋರಿಸಿಕೊಂಡು, ಮಣ್ಣಾಗುತ್ತ ಬಿದ್ದಿರುವುದು ಕಾಣುವುದು. ಆ ಊರಿನವರು ಅದನ್ನು ದೋಣಿಗಳ ಸ್ಮಶಾನವೆನ್ನುವರು. ಕಡಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಮರಗಳ ನಡುವೆ ದೋಣಿ ಕೊಳೆಯುವ ನೋಟವು, ಯಾವ ಚರಿತ್ರೆಯ ಪುಸ್ತಕಕ್ಕಿಂತಲೂ ಸ್ಪಷ್ಟವಾಗಿ ನಡೆದುದನ್ನು ಹೇಳುತ್ತದೆ. ಈ ತೀರದ ವೈದೆ ಎಂಬ ಹಳ್ಳಿಯಲ್ಲಿ ೧೯೧೦ರಲ್ಲಿ ಹುಟ್ಟಿದ ಗ್ರಿಜೆಲ್ಡ ಕ್ರಿಸ್ಟಿನ ಎಂಬಾಕೆ ೧೯೪೪ರಲ್ಲಿ ಸ್ವೀಡನ್ನಿಗೆ ಪಾರಾಗಿ ಹೋಗಿ, ಕಡೆಗೆ ಕೆನಡಾದಲ್ಲಿ ನೆಲಸಿದರು. ಲಿವೋನಿಯನ್ ಭಾಷೆಯನ್ನು ತಾಯ ಮಡಿಲಿನಲ್ಲಿ ಕಲಿತವರಲ್ಲಿ ಕೊನೆಯವರೆಂದು ಹೆಸರಾದ ಆಕೆ ೨೦೧೩ರಲ್ಲಿ, ೧೦೩ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ೨೦೧೮ರಲ್ಲಿ ಲಾಟ್ವಿಯ ವಿಶ್ವವಿದ್ಯಾನಿಲಯದಲ್ಲಿ ಲಿವೋನಿಯನ್ ಭಾಷೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿದ್ದಾರೆ. ಪುಸ್ತಕದಿಂದ ಕಲಿತು ಮಾತನಾಡುವವರು ಕೆಲವರಿದ್ದಾರೆ.

ಕೋಲ್ಕ ಭೂಶಿರದಲ್ಲಿ ರೀಗಾ ಕೊಲ್ಲಿಯ ನೀರೂ ಹೊರಗಡಲಿನ ನೀರೂ ಎದುರುಬದುರಾಗಿ ಬಂದು ತಾಗುವುವು. ಸೆಳವು ಬಲವಾದುದು, ಅಲ್ಲಿ ಯಾರೂ ಈಜಲು ಇಳಿಯಬಾರದು. ರೀಗಾ ನಗರವು ಪ್ರತ್ಯೇಕ ಬರಹಕ್ಕೆ ತಕ್ಕುದಾದುದರಿಂದ ಇಲ್ಲಿ ಅದನ್ನು ಬಿಟ್ಟು, ಕೊಲ್ಲಿಯನ್ನು ಸುತ್ತಿ, ಪ್ಯಾರ್ನುವಿನ ಮೇಲೆ ಹಾದು ವಿರ್ಟ್ಸು ರೇವಿಗೆ ಬರೋಣ.

ಇಲ್ಲಿಂದ ದ್ವೀಪಗಳು. ಅರ್ಧ ಗಂಟೆಯ ಹಡಗಿನ ಪಯಣ ಮುಗಿದರೆ ಮುಹು ದ್ವೀಪ. ಅಲ್ಲಿಂದ ೧೮೯೬ರಲ್ಲಿ ಕಡಲಿಗೆ ಅಡ್ಡಲಾಗಿ ಕಟ್ಟಿದ ಏರಿಯ ಮೇಲೆ ಸಾರೆಮಾ ದ್ವೀಪ. ಬೇಸಗೆಯ ವಾರಾಂತ್ಯಗಳಲ್ಲಿ ಹಡಗಿನಲ್ಲಿ ಜಾಗ ಸಿಕ್ಕುವುದು ಕಷ್ಟ. ಗಾಡಿಯ ಉದ್ದವನ್ನು ಸರಿಯಾಗಿ ತಿಳಿಸಿ ಮುಂಚೆಯೇ ಕಾದಿರಿಸತಕ್ಕದ್ದು. ಸಾರೆಮಾದ ಆಂಗ್ಲ ಎಂಬಲ್ಲಿ ಸಾಲಾಗಿ ಐದು ಗಾಳಿಗಿರಣಿಗಳಿವೆ. ಕಾಲಿ ಎಂಬಲ್ಲಿ ಆಕಾಶದಿಂದ ಉಲ್ಕೆ ಬಿದ್ದು ತೋಡಿದ, ೧೧೦ ಮೀಟರು ಅಡ್ಡಗಲದ ದುಂಡಾದ ಹೊಂಡ ನೀರು ತುಂಬಿ ನಿಂತಿದೆ. ಈ ದ್ವೀಪಕ್ಕೆ ಬರಬೇಕಾದರೆ ಸೋವಿಯತ್ ಕಾಲದಲ್ಲಿ ಎಸ್ಟೋನಿಯದವರಿಗೇ ಪರವಾನಗಿ ಪತ್ರ ಬೇಕಾಗಿದ್ದಿತು. ೧೯೪೪ರಲ್ಲಿ ಎಸ್ಟೋನಿಯದಿಂದ ಸುಮಾರು ೭೦ ಸಾವಿರಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. ಅವರಲ್ಲಿ ಎಷ್ಟೋ ಜನ ಈ ದಡಗಳಿಂದಲೇ, ಮೀನಿನ ದೋಣಿಗಳಲ್ಲಿ, ಶರತ್ಕಾಲದ ಅಲೆಗಳ ಮೇಲೆ ಸ್ವೀಡನ್ನಿನ ಕಡೆಗೆ ಹೊರಟವರು. ಎಲ್ಲರೂ ಮುಟ್ಟಲಿಲ್ಲ.

ಸಾರೆಮಾದಿಂದ ಇನ್ನೊಂದು ಹಡಗಿನಲ್ಲಿ ಹಿಯುಮಾ ದ್ವೀಪಕ್ಕೆ ಹೋಗಬಹುದು. ನಮಗೆ ಎಲ್ಲಕ್ಕಿಂತ ಹಿಡಿಸಿದುದು ಇದು. ಕ್ಯೋಪು ದೀಪಸ್ತಂಭವು ೧೫೩೧ರಿಂದ ನಿಂತಿದೆ. ಆಕಾರದಲ್ಲಿ ಸ್ತಂಭಕ್ಕಿಂತ ಗೋಪುರಕ್ಕೆ ಹತ್ತಿರ. ದ್ವೀಪದ ಕಾಡಿನೊಳಗೆ ಶಿಲುಬೆಗಳ ಗುಡ್ಡವೊಂದಿದೆ. ಇಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿದ್ದ ಸ್ವೀಡಿಷ್ ಮಾತಿನ ರೈತರನ್ನು, ಸಾವಿರಕ್ಕೂ ಹೆಚ್ಚು ಮಂದಿಯನ್ನು, ೧೭೮೧ರಲ್ಲಿ ರಷ್ಯದ ರಾಣಿ ಎರಡನೆಯ ಕ್ಯಾಥರೀನಳ ಕಾಲದಲ್ಲಿ ಎಬ್ಬಿಸಿ, ಈಗಿನ ಉಕ್ರೇನಿನ ಬಯಲಿಗೆ ಕಳುಹಿಸಿದರು. ದಾರಿಯಲ್ಲಿ ಸತ್ತವರು ಬಹಳ. ಹೊರಡುವ ಮುನ್ನ ಅವರು ಕೊನೆಯ ಪ್ರಾರ್ಥನೆ ಮಾಡಿದರೆಂದು ಹೇಳುವ ಜಾಗವಿದು. ಹಿಯುಮಾಕ್ಕೆ ಮೊದಲ ಸಲ ಬಂದವರು ಅಲ್ಲಿ ಬಿದ್ದಿರುವ ಕಡ್ಡಿ, ಹುಲ್ಲುಗಳಿಂದಲೇ ಒಂದು ಪುಟ್ಟ ಶಿಲುಬೆ ಕಟ್ಟಿ ನೆಡುವುದು ರೂಢಿ. ಅದು ಕೊಳೆಯುತ್ತದೆ, ಇನ್ನೊಬ್ಬರು ಬಂದು ಇನ್ನೊಂದನ್ನು ನೆಡುತ್ತಾರೆ.

ದ್ವೀಪದ ಉತ್ತರದ ತುದಿಯಾದ ತಹ್ಕುನದಲ್ಲಿ, ನೀರಿನ ಪಕ್ಕದಲ್ಲಿ, ವಾಲಿದ ಚೌಕಟ್ಟಿನಲ್ಲಿ ಒಂದು ಗಂಟೆ ತೂಗುತ್ತಿದೆ. ೧೯೯೪ನೆಯ ಸೆಪ್ಟೆಂಬರ್ ೨೮ರ ರಾತ್ರಿ ಟ್ಯಾಲಿನ್ನಿನಿಂದ ಸ್ಟಾಕ್‌ಹೋಮಿಗೆ ಹೋಗುತ್ತಿದ್ದ ಎಸ್ಟೋನಿಯ ಎಂಬ ಹಡಗು ಬಿರುಗಾಳಿಯಲ್ಲಿ ಮುಳುಗಿ ೮೫೨ ಜನರು ಸತ್ತರು. ಅವರೊಳಗಿನ ಮಕ್ಕಳ ಸ್ಮರಣೆಗಾಗಿ ಇಟ್ಟ ಈ ಗಂಟೆಯ ಮೈಮೇಲೆ ಮಕ್ಕಳ ಮುಖಗಳಿವೆ. ಬಲವಾದ ಗಾಳಿ ಬೀಸಿದಾಗ ಮಾತ್ರ ಅದು ಬಾರಿಸುತ್ತದೆ.

ಚಳಿಗಾಲ ಕಠಿನವಾದರೆ ಇಲ್ಲಿಯ ಕಡಲು ಹೆಪ್ಪುಗಟ್ಟಿ, ಹಿಯುಮಾಕ್ಕೂ ಭೂಭಾಗಕ್ಕೂ ನಡುವೆ ೨೫ ಕಿಲೋಮೀಟರಿನಷ್ಟು ಮಂಜುಗಡ್ಡೆಯ ರಸ್ತೆಯನ್ನು ತೆರೆಯುವುದುಂಟು. ಅದರ ಕಟ್ಟಳೆಗಳು ಸ್ವಾರಸ್ಯವಾಗಿವೆ. ಬೆಲ್ಟು ಕಟ್ಟಿಕೊಳ್ಳಬಾರದು, ಮಂಜು ಒಡೆದರೆ ತಟ್ಟನೆ ಹೊರಬೀಳಬೇಕಷ್ಟೆ. ಗಾಡಿಯ ವೇಗವು ಗಂಟೆಗೆ ೨೫ ಕಿಲೋಮೀಟರಿಗಿಂತ ಕಡಿಮೆಯಿರಬೇಕು, ಇಲ್ಲವೆ ೪೦ರಿಂದ ೭೦ರೊಳಗೆ ಇರಬೇಕು. ನಡುವಣ ವೇಗದಲ್ಲಿ ಹೋದರೆ ಮಂಜಿನಡಿಯ ನೀರಿನಲ್ಲಿ ಏಳುವ ಅಲೆಯು ಗಾಡಿಯೊಡನೆಯೇ ಸಾಗುತ್ತ ಬೆಳೆದು ಮಂಜನ್ನು ಸೀಳಬಲ್ಲುದು. ಮನೆಗಾಡಿಯವರಿಗೆ ಈ ಭಾಗ್ಯವಿಲ್ಲ. ಅದರ ತೂಕ ಮೂರು ಮೂರೂವರೆ ಟನ್ನು. ಮಂಜಿನ ಮೇಲೆ ಬಿಡುವುದು ಸಾಮಾನ್ಯವಾಗಿ ಎರಡು ಎರಡೂವರೆ ಟನ್ನಿನವರೆಗೆ ಮಾತ್ರ.

ಬೇಸಗೆಯಲ್ಲಿ ಹೋಗುವವರು ಜೂನ್ ತಿಂಗಳನ್ನು ಆರಿಸಿಕೊಳ್ಳಲಿ. ರಾತ್ರಿ ಹತ್ತು ಗಂಟೆಗೂ ಬಿಸಿಲಿರುವುದು. ಮಕ್ಕಳನ್ನು ಮಲಗಿಸಲು ಕಿಟಕಿಗೆ ದಪ್ಪನೆಯ ಪರದೆ ಬೇಕು, ಸೊಳ್ಳೆಗೂ ಏನಾದರೂ ಏರ್ಪಾಡು ಮಾಡಿಕೊಂಡಿರಬೇಕು. ಎಸ್ಟೋನಿಯದ ಸರಕಾರದ ಅರಣ್ಯ ಇಲಾಖೆಯವರು ಕಾಡಿನಲ್ಲಿಯೂ ಕಡಲ ಅಂಚಿನಲ್ಲಿಯೂ ಬಿಡಾರದ ಜಾಗಗಳನ್ನು ಮಾಡಿಟ್ಟಿದ್ದಾರೆ. ಬಾಡಿಗೆಯಿಲ್ಲ, ಬೆಂಕಿಯ ಗುಂಡಿ ಇದೆ, ಎಷ್ಟೋ ಕಡೆ ಸೌದೆಯನ್ನೂ ಒಟ್ಟಿರುತ್ತಾರೆ. ಇನ್ನು ಅಲ್ಲಿಯ ಕಾನೂನಿನ ಪ್ರಕಾರ, ದೋಣಿ ಹಡಗುಗಳು ಓಡಾಡುವ ನೀರಿನ ಅಂಚಿನಲ್ಲಿ ೧೦ ಮೀಟರು ಅಗಲದ ಪಟ್ಟಿಯು, ಜಮೀನು ಯಾರದೇ ಆಗಿರಲಿ, ನಡೆದುಹೋಗುವವರಿಗೆ ತೆರೆದಿರಬೇಕು. ಇದು ಕಾಲಿನ ಹಕ್ಕು, ಚಕ್ರದ ಹಕ್ಕಲ್ಲ. ಗಾಡಿಯನ್ನು ರಸ್ತೆಯ ಬಳಿ ಬಿಟ್ಟು ನಡೆಯತಕ್ಕದ್ದು. ಹಳೆಯ ಗಡಿಕಾವಲಿನ ಗೋಪುರಗಳು ಕೆಲವೆಡೆ ಇನ್ನೂ ನಿಂತಿವೆ. ಅವುಗಳ ಬುಡದಲ್ಲಿ ಈಗ ಕಾಡಿನ ಹಣ್ಣುಗಳನ್ನು ಆರಿಸುವ ಹೆಂಗಸರೂ ಮಕ್ಕಳೂ ತಿರುಗಾಡುತ್ತಾರೆ.

ಹಿಯುಮಾದ ಹೆಲ್ಟರ್ಮಾ ರೇವಿನಿಂದ ಹಡಗು ಒಂದೂಕಾಲು ಗಂಟೆಯಲ್ಲಿ ಭೂಭಾಗವನ್ನು ಮುಟ್ಟಿಸುವುದು. ಅಲ್ಲಿಂದ ಟ್ಯಾಲಿನ್ ನಗರಕ್ಕೆ ಎರಡು ಗಂಟೆಯೊಳಗಿನ ದಾರಿ. ಗಾಡಿಯನ್ನು ಬಾಡಿಗೆಯವರಿಗೆ ಒಪ್ಪಿಸುವ ಮೊದಲು ಕೊಳೆನೀರಿನ ತೊಟ್ಟಿಯನ್ನು ಗೊತ್ತಾದ ಜಾಗದಲ್ಲಿ ಬರಿದುಮಾಡಿ, ಒಳಗಿನ ಮರಳನ್ನು ಗುಡಿಸಬೇಕು. ಎಷ್ಟು ಗುಡಿಸಿದರೂ ಮಂಚದ ಮೂಲೆಯಲ್ಲಿ ಒಂದಿಷ್ಟು ಉಳಿದಿರುತ್ತದೆ.