ಹೊಸ ಮ್ಯಾಪ್ ಬಂತು, ಹಳೇ ದೋಸ್ತ ಎಲ್ಲಿ?

ಆಟಕ್ಕೆ ಹೊಸ ಎಕ್ಸ್‌ಪಾನ್ಷನ್ ಬಂದ್ರ ಮಂದಿ ಜಾತ್ರೆಗೆ ಬಂದಂಗ ಬರ್ತಾರ, ಜಾತ್ರೆ ಮುಗಿದಂಗ ಹೋಗ್ತಾರ. ತಿಂಗಳ ಚಂದಾ ಕೊಟ್ಟು ಆಡುವ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗೆ 2014ರ ನವೆಂಬರ್‌ನಲ್ಲಿ ‘ವಾರ್‌ಲಾರ್ಡ್ಸ್ ಆಫ್ ಡ್ರೇನಾರ್’ ಬಂದಾಗ ಚಂದಾದಾರರು 1 ಕೋಟಿ ದಾಟಿದ್ದರು. 2015ರ ಸೆಪ್ಟೆಂಬರ್ ಮುಗಿಯುವಾಗ ಉಳಿದವರು ಸುಮಾರು 55 ಲಕ್ಷ.

ನಮ್ಮ ಬಿಜಿಎಂಐ ಪುಕ್ಕಟೆ. ಆದರೆ ಹೊಸ ಮ್ಯಾಪ್ ಇಳಿಸಿಕೊಳ್ಳಾಕ ಡೇಟಾ ಬೇಕು, ಫೋನಿನಾಗ ಜಾಗ ಬೇಕು. ಹಾಸ್ಟೆಲ್ ವೈಫೈ ಇರೋ ನಮಗೆ ಅದು ದೊಡ್ಡ ಮಾತಲ್ಲ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಹಳೇ ಫೋನ್, ದಿನದ ಡೇಟಾ ನಂಬಿ ಆಡೋ ದೋಸ್ತ ಮಾತ್ರ ಸ್ಕ್ವಾಡಿನಿಂದ ಹೊರಗ ಉಳೀತಾನ.

ನಾಳೆ ಗೇಮ್ ಕಟ್ಟೋರು ನಾವೇ. ಹೊಸಬರು ಎಷ್ಟು ಬಂದ್ರು ಅಂತ ಎಣಿಸೋ ಮೊದಲು, ಹಳಬರು ಯಾಕ ಬಿಟ್ರು ಅಂತ ಕೇಳೋಣ.