ಕೃತಕ ಕೀಲಿನ ಸವೆತ

ಬಾಗಿಲು ಕಿರುಗುಟ್ಟಿದರೆ ನಾವು ಅದರ ಕೀಲಿಗೆ ಎಣ್ಣೆ ಬಿಡುತ್ತೇವೆ. ಮನುಷ್ಯನ ಸೊಂಟದ ಕೀಲೇ ಕಿರುಗುಟ್ಟಿದರೆ? 1950ರ ದಶಕದಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರು ಅಂತಹ ರೋಗಿಯೊಬ್ಬನನ್ನು ಕಂಡರು. ಅವನ ತೊಡೆಯೆಲುಬಿನ ತುದಿಗೆ ಅಕ್ರಿಲಿಕ್ ಗುಂಡನ್ನು ಕೂಡಿಸಿದ್ದಿತು. ಅವನು ಮುಂದಕ್ಕೆ ಬಾಗಿದಾಗಲೆಲ್ಲ ಏಳುತ್ತಿದ್ದ ಸದ್ದನ್ನು ತಾಳಲಾರದೆ ಹೆಂಡತಿಯು ಅವನ ಬಳಿ ಕುಳ್ಳಿರಲೊಲ್ಲದಾದಳಂತೆ!

ಘರ್ಷಣೆಯೇ ಇದಕ್ಕೆಲ್ಲ ಮೂಲವೆಂದು ಬಗೆದ ಚಾರ್ನ್ಲಿಯವರು ಉಕ್ಕಿನ ಗುಂಡಿಗೆ ಟೆಫ್ಲಾನಿನ ಬಟ್ಟಲನ್ನು ಜೊತೆಗೂಡಿಸಿದರು. ಅದಕ್ಕಿಂತ ನುಣುಪಾದ ವಸ್ತು ಬೇರೆ ದೊರೆಯುವಂತಿರಲಿಲ್ಲ. ಸುಮಾರು 300 ಮಂದಿ ನೋವು ನೀಗಿ ನಡೆದಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದುವು; ಉದುರಿದ ಪುಡಿಗೆ ದೇಹವು ಕೆರಳಿ ಕೀಲುಗಳು ಸಡಿಲಗೊಂಡುವು. ಜಾರುವುದು ಬೇರೆ, ಸವೆಯದಿರುವುದು ಬೇರೆ. ಆ ಪುಡಿಯನ್ನು ಚಾರ್ನ್ಲಿಯವರು ತಮ್ಮ ತೊಡೆಯೊಳಗೇ ಸೇರಿಸಿಕೊಂಡು ಪರೀಕ್ಷಿಸಿದರು. ಅಲ್ಲಿಯೂ ಗಂಟು ಕಟ್ಟಿತು. ತಪ್ಪನ್ನು ಮೈಮೇಲೆಯೇ ಹೊತ್ತ ಇಂತಹ ವೈದ್ಯರು ವಿರಳವೆಂದು ನಾವು ಎಣಿಸುತ್ತೇವೆ.

1962ರಲ್ಲಿ ಪಾಲಿಎಥಿಲೀನ್ ತುಂಡೊಂದು ಅವರ ಕಾರ್ಯಾಗಾರಕ್ಕೆ ಬಂದಿತು. ಅವರು ಅದನ್ನು ಉಗುರಿನಿಂದ ಒತ್ತಿ ನೋಡಿ, ಕೆಲಸಕ್ಕೆ ಬಾರದೆಂದರು. ಆದರೂ ಸಹಾಯಕ ಹ್ಯಾರಿ ಕ್ರೇವನ್ನರು ಅದನ್ನು ಯಂತ್ರಕ್ಕೆ ಕೊಟ್ಟು ಉಜ್ಜಿಸಿದರು. ಟೆಫ್ಲಾನು ಒಂದು ದಿನದಲ್ಲಿ ಸವೆಯುವಷ್ಟು ಇದು ಹಗಲಿರುಳೂ ಉಜ್ಜಿದ ಮೂರು ವಾರಗಳಲ್ಲಿಯೂ ಸವೆದಿರಲಿಲ್ಲ. ಟೆಫ್ಲಾನಿನಷ್ಟು ನುಣುಪಲ್ಲದ ಈ ವಸ್ತುವೇ ಅದೇ ವರ್ಷದ ನವೆಂಬರಿನಿಂದ ರೋಗಿಗಳ ಮೈ ಸೇರಿತು.

ಇಂದಿನ ಬಟ್ಟಲುಗಳು ಇನ್ನೂ ಗಟ್ಟಿಯಾಗಿವೆ. ಆದರೂ ಸವೆತವು ನೋವಿಲ್ಲದೆಯೇ ನಡೆಯಬಹುದು. ಮನೆಯಲ್ಲಿ ಹಿರಿಯರಿಗೆ ಕೃತಕ ಕೀಲನ್ನು ಕೂಡಿಸಿದ್ದರೆ, ಅವರು ಸುಖವಾಗಿ ನಡೆದಾಡುತ್ತಿದ್ದರೂ ವೈದ್ಯರು ಎಕ್ಸರೇಗೆಂದು ಮರಳಿ ಕರೆಯುವುದು ಇದಕ್ಕಾಗಿಯೇ.